ತಿರುಗುವ ವೇದಿಕೆಯ ಮೇಲೆ ಬ್ರೇಕ್ ಕೇಳಿದವಳ ಬಿನ್ನಹ

ರಾಷ್ಟ್ರೀಯ ಸುಂದರಿ ಆಯ್ಕೆ ಸಮಿತಿಯ ಸನ್ಮಾನ್ಯ ಅಧ್ಯಕ್ಷರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ತಾವು ಸಕುಟುಂಬ ಸಪರಿವಾರ ಕ್ಷೇಮವಾಗಿರುವಿರೆಂದೂ, ತಮ್ಮ ತಿರುಗುವ ವೇದಿಕೆಯೂ ರಿಪೇರಿಯಾಗಿ ಸುಖವಾಗಿ ತಿರುಗುತ್ತಿದೆಯೆಂದೂ ನಂಬಿ, ಈ ಸಲದ ಸ್ಪರ್ಧೆಯಲ್ಲಿ ತಮ್ಮ ಕೈಕೆಳಗೆ ನಡೆದಾಡಲು ಕಲಿತ ಸ್ಪರ್ಧಿಗಳಲ್ಲಿ ಒಬ್ಬಳಾದ ನಾನು ಈ ಬಹಿರಂಗ ಪತ್ರವನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ನಾನಾಗಿ ಇಷ್ಟು ದೊಡ್ಡವರಿಗೆ ಪತ್ರ ಬರೆಯುವ ಉದ್ಧಟತನ ಮಾಡುತ್ತಿರಲಿಲ್ಲ, ತಾವೇ ಅಪ್ಪಣೆ ಕೊಡಿಸಿದ್ದೀರಿ. ಅಂತಿಮ ಸುತ್ತಿನ ಸಂಜೆ ವೇದಿಕೆಯ ಮೇಲೆ ಜರುಗಿದ್ದೆಲ್ಲವೂ ಸಮಿತಿಯು ಮೊದಲೇ ಯೋಜಿಸಿ, ತಾಲೀಮು ಮಾಡಿಸಿ, ನಡೆಸಿಕೊಟ್ಟ ಕಾರ್ಯಕ್ರಮದ ಭಾಗವೇ ಆಗಿತ್ತೆಂದು ನಾನು ನಾಲ್ಕು ಜನಕ್ಕೆ ತಿಳಿಯುವಂತೆ ಬರೆದು ದೃಢಪಡಿಸಬೇಕು, ಇಲ್ಲವಾದರೆ ವಿಜೇತೆಯ ಆರೋಗ್ಯದ ಕಾರಣ ನೀಡಿ ಆಕೆಯ ಕಿರೀಟವನ್ನು ಹಿಂಪಡೆಯುವ ದುಃಖಕರ ಅನಿವಾರ್ಯತೆ ಒದಗುತ್ತದೆ ಎಂದು ತಮ್ಮ ಕಚೇರಿಯಿಂದ ಬಂದ ಕಾಗದದಲ್ಲಿತ್ತು. ಒಬ್ಬಳ ಕತ್ತನ್ನು ಹಿಡಿದು ಇನ್ನೊಬ್ಬಳ ಬಾಯಿಯನ್ನು ಇಷ್ಟು ಮೃದುವಾಗಿ ಮುಚ್ಚುವ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ಆ ಕಾಗದವನ್ನು ಓದಿದ ನಮ್ಮಮ್ಮ ಕೂಡ, "ಬರೆದೋರು ಯಾರೋ ಬಹಳ ಓದಿದೋರು" ಎಂದು ತಮ್ಮನ್ನು ಮೆಚ್ಚಿಕೊಂಡರು.

ಆದ್ದರಿಂದ, ಮಾನ್ಯರೇ, ದೃಢಪಡಿಸುತ್ತಿದ್ದೇನೆ. ಎಲ್ಲವೂ ತಮ್ಮ ಯೋಜನೆಯೇ. ಆದರೆ 'ಎಲ್ಲವೂ' ಎಂದರೆ ಯಾವುದು ಯಾವುದು ಎಂದು ಕೇಳುವ ಕೆಟ್ಟ ಚಟ ಓದುಗರಿಗಿರುವುದರಿಂದ, ನಡೆದದ್ದನ್ನು ಬಿಡಿಸಿ ಹೇಳಿ, ಒಂದೊಂದರ ಕೀರ್ತಿಯನ್ನೂ ಅದರ ನಿಜವಾದ ಯಜಮಾನರ ಹೆಗಲಿಗೆ ಹಾಕುವುದು ನನ್ನ ಧರ್ಮವೆಂದು ಭಾವಿಸುತ್ತೇನೆ.

ಮೊದಲು ನನ್ನ ವಿಚಾರ. ನಮ್ಮಮ್ಮ ಒಂದು ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ಸ್ಕೂಲೆಂದರೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ಪಟ, ಮತ್ತು ಮೈಯೆಲ್ಲ ಗೀರು ಬಿದ್ದ ಒಂದು ಹಳೆಯ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕಿದೆ, ಪಕ್ಕದಲ್ಲಿ ಕೂರುವ ನನ್ನ ಕಾಲಡಿ ಇನ್ನೊಂದಿದೆ. ಈ ಎರಡನೆಯ ಬ್ರೇಕೇ ನಮ್ಮ ಮನೆಯ ಅನ್ನ. ಬೆಳಗಿನಿಂದ ಸಂಜೆಯವರೆಗೆ ನಾನು ಯಾರದೋ ಪಕ್ಕದಲ್ಲಿ ಕೂತು, "ಎಡಕ್ಕೆ, ಎಡಕ್ಕೆ, ಅಯ್ಯೋ ನನ್ನ ಎಡಕ್ಕಲ್ಲ ನಿಮ್ಮ ಎಡಕ್ಕೆ" ಎಂದು ಕೂಗುತ್ತಿರುತ್ತೇನೆ, ನಮ್ಮಿಬ್ಬರ ಎಡವೂ ಒಂದೇ ಎಂಬುದು ಇಬ್ಬರಿಗೂ ಆಗ ಹೊಳೆಯುವುದಿಲ್ಲ. ನನ್ನ ವೃತ್ತಿಯಲ್ಲಿ ನನ್ನ ಮುಖ ನೋಡಿದವರು ಗುದ್ದುತ್ತಾರೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಒಮ್ಮೆ ಕೃತಜ್ಞತೆಯಿಂದ ನನ್ನತ್ತ ತಿರುಗಿ, "ನೀನು ಚೆನ್ನಾಗಿ ಹೇಳಿಕೊಡ್ತೀಯಮ್ಮ" ಎನ್ನುವಷ್ಟರಲ್ಲಿ ನಾವು ತರಕಾರಿ ಗಾಡಿಯ ಒಳಗಿದ್ದೆವು. ಟೊಮೇಟೊ ಹಣ್ಣಿನ ರಸ ಒರೆಸಿಕೊಳ್ಳುತ್ತ ನನಗೆ ಅನ್ನಿಸಿತು, ಅಪಘಾತವಾಗದಂತೆ ಒಂದೇ ಒಂದು ಸಲ ಜನರಿಂದ ನೋಡಿಸಿಕೊಳ್ಳಬೇಕು. ಆಸೆ ಇಷ್ಟೇ, ಮಾನ್ಯರೇ. ದೇಶಸೇವೆ, ಮಹಿಳಾ ಸಬಲೀಕರಣ ಮುಂತಾದವನ್ನು ಅರ್ಜಿಯಲ್ಲಿ ಬರೆದದ್ದು ತಮ್ಮ ಅರ್ಜಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದಿರೆಂದು.

ಆಯ್ಕೆಯ ಸುದ್ದಿ ಬಂದಾಗ ಅಮ್ಮ ಬೇಡವೆನ್ನಲಿಲ್ಲ. "ಹೋಗಿ ಬಾ. ನೀನು ಚೆಂದ ಇದ್ದೀಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಅಲ್ಲಿ ನಿನ್ನ ಬಾಯಿಗೆ ಬ್ರೇಕ್ ಹಾಕೋರು ಯಾರು?" ಎಂದಷ್ಟೇ ಕೇಳಿದರು. ಅದಕ್ಕಾಗಿಯೇ ಒಂದು ಸಮಿತಿ ಇದೆಯೆಂದು ನಮಗಾಗ ಗೊತ್ತಿರಲಿಲ್ಲ.

ತರಬೇತಿಗೆಂದು ತಾವು ನಮ್ಮನ್ನೆಲ್ಲ ಇಳಿಸಿದ ಆ ಹೋಟೆಲಿನ ವೈಭವವನ್ನು ಹೇಗೆ ವರ್ಣಿಸಲಿ? ಕಾಲಿಟ್ಟಲ್ಲಿ ಕನ್ನಡಿ. ಲಿಫ್ಟಿನಲ್ಲಿ ಕನ್ನಡಿ, ಮೆಟ್ಟಿಲಿನಲ್ಲಿ ಕನ್ನಡಿ, ಬಚ್ಚಲಿನಲ್ಲಂತೂ ಎದುರು ಒಂದು ಪಕ್ಕ ಒಂದು, ಹಲ್ಲುಜ್ಜುವಾಗ ನನ್ನಂಥವರು ಅರ್ಧ ಡಜನ್ ಜನ ಒಟ್ಟಿಗೆ ಉಗುಳುತ್ತಿದ್ದೆವು. ನಗುವುದನ್ನು ಕಲಿಸಲು ತಾವು ನೇಮಿಸಿದ್ದ ಮೇಡಂ ಅವರನ್ನು ನಾವು 'ನಗುವಿನ ಮೇಡಂ' ಎಂದೇ ಕರೆಯುತ್ತಿದ್ದೆವು. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಹಲ್ಲಿನ ನಡುವೆ ಪೆನ್ಸಿಲ್ಲು ಕಚ್ಚಿಸಿ ನಿಲ್ಲಿಸಿ, "ಮೇಲಿನ ಸಾಲು ಕಂಡರೆ ಅದು ಮಂದಹಾಸ. ಕೆಳಗಿನ ಸಾಲೂ ಕಂಡರೆ ಅದು ಹಲ್ಲು ಕಿಸಿಯೋದು. ಈ ಸಮಿತಿ ಯಾವತ್ತೂ ಹಲ್ಲು ಕಿಸಿಯೋದಕ್ಕೆ ಕಿರೀಟ ಕೊಟ್ಟಿಲ್ಲ" ಎಂದು ಅವರು ಸಾರಿದಾಗ, ನನ್ನ ಪಕ್ಕದಲ್ಲಿ ನಿಂತಿದ್ದ ಉದ್ದನೆಯ ಹುಡುಗಿ ಪೆನ್ಸಿಲ್ಲನ್ನು ಬಾಯಿಂದ ತೆಗೆದು ನನ್ನ ಕಿವಿಯಲ್ಲಿ, "ನಮ್ಮ ಕ್ಲಿನಿಕ್ಕಲ್ಲಿ ಇಷ್ಟು ಹಲ್ಲು ತೋರಿಸಿದೋರನ್ನ ಒಂದಾದ್ರೂ ಕೀಳದೆ ಮನೆಗೆ ಕಳಿಸಲ್ಲ" ಎಂದಳು. ನಾನು ಹಲ್ಲು ಕಿಸಿದೆ. ಇಬ್ಬರನ್ನೂ ಹೊರಗೆ ಕಳಿಸಿದರು.

ಅವಳೇ ಕೊಕ್ಕರೆ. ಹೆಸರು ಬೇರೆ ಇದೆ, ತಮ್ಮ ಪತ್ರಿಕಾ ಪ್ರಕಟಣೆಗಳಲ್ಲಿ ದಪ್ಪಕ್ಷರದಲ್ಲಿ ಬಂದೂ ಇದೆ. ಆದರೆ ಉದ್ದ ಕತ್ತು, ಉದ್ದ ಕಾಲು, ಮತ್ತು ಬೇಸರವಾದಾಗ ಒಂದೇ ಕಾಲಿನ ಮೇಲೆ ನಿಲ್ಲುವ ಅಭ್ಯಾಸದಿಂದ ನಮಗೆಲ್ಲ ಅವಳು ಕೊಕ್ಕರೆಯೇ. ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿಯಾಗಿದ್ದಳು. ಸ್ಪರ್ಧೆ ಮುಗಿಯುವವರೆಗೆ ನಮ್ಮಿಬ್ಬರಿಗೆ ಒಂದೇ ಕೋಣೆ. ಅವಳಿಗೆ ಆ ಕಿರೀಟದ ಮೇಲೆ ನಿಜವಾದ ಆಸೆ ಇತ್ತು. ಅದನ್ನವಳು ಮುಚ್ಚಿಡುತ್ತಲೂ ಇರಲಿಲ್ಲ. "ಚಿಕ್ಕೋಳಿದ್ದಾಗಿಂದ 'ಬಗ್ಗು ಬಗ್ಗು, ಹಿಂದಿರೋರಿಗೆ ಕಾಣ್ಸಲ್ಲ' ಅಂತಾನೇ ಕೇಳಿದ್ದೀನಿ. ಈಗ ಕೂತಿರೋರ ಬಾಯೊಳಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಪ್ರಶ್ನೆಚಿಹ್ನೆ ಆಗಿದೆ. ಒಂದು ಸಲ ನೆಟ್ಟಗೆ ನಿಂತ್ಕೋಬೇಕು ಕಣೇ, ಎಲ್ಲರ ಮುಂದೆ, ನನ್ನಷ್ಟು ಎತ್ತರಕ್ಕೆ" ಎನ್ನುತ್ತಿದ್ದಳು. ಕನ್ನಡಿಯ ಮುಂದೆ ಅವಳು ನೆಟ್ಟಗೆ ನಿಂತಾಗ ನನ್ನೊಳಗಿನ ಸ್ಪರ್ಧಿ ಸದ್ದಿಲ್ಲದೆ ಗಂಟುಮೂಟೆ ಕಟ್ಟಿದಳು. ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ, ಆಯಿತು. ಆದರೆ ಹೊಟ್ಟೆಯಲ್ಲಿ ಕಿಚ್ಚಿಗೂ ಸ್ವಲ್ಪ ಸೌದೆ ಬೇಕಲ್ಲ, ಅದನ್ನು ತಮ್ಮ ಆಹಾರ ಸಲಹೆಗಾರ್ತಿ ಆಗಲೇ ನಿಲ್ಲಿಸಿದ್ದರು.

ಈಗ ಊಟದ ವಿಷಯ, ಅಂದರೆ ಊಟ ಇಲ್ಲದ ವಿಷಯ. ಬಟ್ಟೆಯನ್ನು ಮೈಗೆ ತಕ್ಕಂತೆ ಹೊಲಿಯುವುದು ಲೋಕದಲ್ಲಿ ನಡೆದುಬಂದ ಪದ್ಧತಿ, ಮೈಯನ್ನು ಬಟ್ಟೆಗೆ ತಕ್ಕಂತೆ ಒಣಗಿಸುವುದು ತಮ್ಮ ಸ್ವಂತ ಸಂಶೋಧನೆ. ಅಂತಿಮ ಸುತ್ತಿನ ಉಡುಪುಗಳನ್ನು ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳ ಅಳತೆಗೆ ಹೊಲಿದು ತಂದಿದ್ದರು. ಬೊಂಬೆಗೆ ಕರುಳಿಲ್ಲ. ಕೊಕ್ಕರೆಯ ಪಾಲಿಗೆ ಬಂದ ಬೆಳ್ಳಿಬಣ್ಣದ ಗೌನು ಸೊಂಟದಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ ಹಿಂದಿನ ಜಿಪ್ಪು ಹಾಕಲು ಒಬ್ಬರು ಅವಳ ಬೆನ್ನಿಗೆ ಮೊಣಕಾಲು ಕೊಡಬೇಕಾಗಿತ್ತು. ದರ್ಜಿಯಮ್ಮ ಕರುಣೆಯಿಂದ, "ಒಳಗೆ ಬಟ್ಟೆ ಬಿಟ್ಟಿದ್ದಾರೆ ಸಾರ್, ಸ್ವಲ್ಪ ಬಿಚ್ಚಿಕೊಡ್ತೀನಿ" ಎಂದಾಗ ಬಾಗಿಲಲ್ಲಿ ನಿಂತಿದ್ದ ತಾವು ಆಡಿದ ಮಾತನ್ನು ನಾನು ಈಗಲೂ ಬಾಯಿಪಾಠ ಹೇಳಬಲ್ಲೆ. "ಬಟ್ಟೆ ಮುಟ್ಟಬೇಡಿ. ಹುಡುಗೀನ ಸರಿ ಮಾಡಿ."

ಅಂದಿನಿಂದ ಹುಡುಗಿಯನ್ನು ಸರಿ ಮಾಡಲಾಯಿತು. ತಟ್ಟೆಯಲ್ಲಿ ಸೌತೆಕಾಯಿಯ ಬಿಲ್ಲೆಗಳು ಬರುತ್ತಿದ್ದವು. ಅವು ಎಷ್ಟು ತೆಳ್ಳಗಿದ್ದವೆಂದರೆ ಅವುಗಳ ಮೂಲಕ ದಿನಪತ್ರಿಕೆ ಓದಬಹುದಿತ್ತು. ಅದರ ಜೊತೆಗೆ ಬಿಸಿನೀರು, ಅದರಲ್ಲಿ ನಿಂಬೆಹಣ್ಣನ್ನು ಹಿಂಡಿರಲಿಲ್ಲ, ಪರಿಚಯ ಮಾಡಿಸಿದ್ದರು, ಅಷ್ಟೆ. ನಾವು ಗೊಣಗಿದ್ದು ಕಿವಿಗೆ ಬಿದ್ದು, ತಾವೇ ಖುದ್ದಾಗಿ ಬಂದು ನಮಗೆ ಮಾಡಿದ ಉಪನ್ಯಾಸ ಮರೆಯಲಾಗದ್ದು. "ಹಸಿವು ಅನ್ನೋದು ಮನಸ್ಸಿನ ಒಂದು ಭ್ರಮೆ ಮಕ್ಕಳೇ, ಅದನ್ನ ಗೆದ್ದೋಳೇ ಸುಂದರಿ" ಎಂದು ತಾವು ಹೇಳುವಾಗ ತಮ್ಮ ಒಂದು ಕೈಯಲ್ಲಿ ಮೈಕು ಇತ್ತು, ಇನ್ನೊಂದರಲ್ಲಿ ಸ್ಯಾಂಡ್‌ವಿಚ್ಚು ಇತ್ತು, ಮತ್ತು ಮಾತಿನ ಭರದಲ್ಲಿ ತಾವು ಎರಡು ಸಲ ಮೈಕನ್ನು ಕಚ್ಚಲು ಹೋದಿರಿ. ಆ ಸ್ಯಾಂಡ್‌ವಿಚ್ಚನ್ನು ಇಡೀ ಸಭೆ ಎಷ್ಟು ಏಕಾಗ್ರತೆಯಿಂದ ನೋಡಿತೆಂದರೆ, ಅಂಥ ನೋಟ ಅಂತಿಮ ಸುತ್ತಿನಲ್ಲಿ ನಮ್ಮಲ್ಲಿ ಒಬ್ಬಳಿಗೂ ಸಿಗಲಿಲ್ಲ.

ನಾನು ಬೆಳೆದದ್ದು ಹಸಿವನ್ನು ಗೆಲ್ಲುವ ಮನೆಯಲ್ಲಲ್ಲ, ತಿನ್ನುವ ಮನೆಯಲ್ಲಿ. ಸೂಟ್‌ಕೇಸಿನ ಅಸ್ತರಿನೊಳಗೆ ಬಿಸ್ಕತ್ತಿನ ಪೊಟ್ಟಣ ಅಡಗಿಸಿ ತಂದಿದ್ದೆ. ಕೊಕ್ಕರೆಗೆ ಕೊಡಲು ಹೋದರೆ ಅವಳು ಮುಖ ತಿರುಗಿಸಿಕೊಂಡು, "ಬೇಡ ಕಣೇ. ಆ ಗೌನು ಉಸಿರಿಗೇ ಜಾಗ ಕೊಡ್ತಿಲ್ಲ, ಬಿಸ್ಕತ್ತಿಗೆಲ್ಲಿ ಕೊಡುತ್ತೆ" ಎನ್ನುತ್ತಿದ್ದಳು. ಬೆಳಗ್ಗೆ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆಂದು ಗೋಡೆ ಹಿಡಿದು ನಡೆಯುತ್ತಿದ್ದಳು. ಅದನ್ನು ಕಂಡ ತಮ್ಮ ನಡಿಗೆಯ ತರಬೇತುದಾರರು, "ನೋಡಿ, ನಡಿಗೇಲಿ ಒಂದು ತೇಲುವ ಗುಣ ಬಂದಿದೆ" ಎಂದು ಬೇರೆಯವರಿಗೆ ಮಾದರಿಯಾಗಿ ತೋರಿಸಿದರು.

ಅಂತಿಮ ಸುತ್ತಿನ ಸಂಜೆ. ತೀರ್ಪುಗಾರರ ಕತ್ತಿಗೆ ಶ್ರಮವಾಗಬಾರದೆಂದು, ಅವರು ಕೂತಲ್ಲೇ ನಮ್ಮನ್ನು ಮುಂದಿನಿಂದ ಹಿಂದಿನಿಂದ ನೋಡುವಂತಾಗಲೆಂದು ತಾವು ತಿರುಗುವ ವೇದಿಕೆ ಕಟ್ಟಿಸಿದ್ದಿರಿ. ತಾಲೀಮಿನ ದಿನಗಳಲ್ಲಿ ಅದು ಕೆಟ್ಟುಹೋಗಿತ್ತು, ಆದ್ದರಿಂದ 'ಈಗ ಅದು ತಿರುಗುತ್ತಿದೆ' ಎಂದು ಭಾವಿಸಿಕೊಂಡು ನಿಂತದ್ದಷ್ಟೇ ನಮ್ಮ ತಾಲೀಮು. ಅದು ನಿಜವಾಗಿ ತಿರುಗಿದ್ದನ್ನು ನಾವು ಮೊದಲ ಸಲ ನೋಡಿದ್ದು ದೇಶದ ಜೊತೆಯಲ್ಲೇ, ನೇರ ಪ್ರಸಾರದಲ್ಲಿ. ಹಾಡು ಜೋರಾಗಿದ್ದುದರಿಂದ ವೇದಿಕೆಯೂ ಹಾಡಿಗೆ ಸರಿಯಾಗಿ ತಿರುಗಲೆಂದು ತಾವು ಪರದೆಯ ಪಕ್ಕದಿಂದ ಕೈಸನ್ನೆ ಮಾಡುತ್ತಿದ್ದುದು ನನಗೆ ಸುತ್ತು ಸುತ್ತಿಗೂ ಕಾಣುತ್ತಿತ್ತು. ಅಲ್ಲಿ ಯಂತ್ರದ ಮುಂದೆ ಕೂತಿದ್ದ ಕೆಲಸಗಾರ, ನಾವು ಸ್ವಿಚ್ಚಿನಣ್ಣ ಎನ್ನುತ್ತಿದ್ದವನು, ತಲೆಯಾಡಿಸಿ ಬೇಡ ಬೇಡವೆನ್ನುತ್ತಿದ್ದುದೂ ಕಾಣುತ್ತಿತ್ತು. ಕೊನೆಗೆ ತಾವು ಗೆದ್ದಿರಿ, ವೇಗ ಏರಿತು.

ಕೊಕ್ಕರೆ ನನ್ನ ಎದುರಿನ ಅಂಚಿನಲ್ಲಿದ್ದಳು. ನೆಟ್ಟಗೆ, ತನ್ನಷ್ಟು ಎತ್ತರಕ್ಕೆ ನಿಂತಿದ್ದಳು, ಮೇಲಿನ ಸಾಲು ಹಲ್ಲು ಮಾತ್ರ ಕಾಣುವಂತೆ ನಗುತ್ತಿದ್ದಳು. ಸಭಾಂಗಣವೆಲ್ಲ ಅವಳನ್ನೇ ನೋಡುತ್ತಿತ್ತು. ನಾನು ಅವಳ ಮೊಣಕಾಲು ನೋಡುತ್ತಿದ್ದೆ, ಅದು ವೃತ್ತಿಯಿಂದ ಬಂದ ರೋಗ. ಕಲಿಯುವವರ ಕೈ ಸುಳ್ಳು ಹೇಳಬಹುದು, ಮುಖ ಸುಳ್ಳು ಹೇಳಬಹುದು, ಮೊಣಕಾಲು ಸುಳ್ಳು ಹೇಳುವುದಿಲ್ಲ. ಅದು ನಡುಗಿತು. ಮತ್ತೆ ನಡುಗಿತು. ಅವಳ ಕಣ್ಣು ಮೇಲಕ್ಕೆ ಹೋಯಿತು, ನಗು ಮಾತ್ರ ಇದ್ದಲ್ಲೇ ಇತ್ತು. ಅವಳ ಹಿಂದೆ ವೇದಿಕೆಯ ಅಂಚು, ಅಂಚಿನ ಕೆಳಗೆ ದೀಪಗಳ ಕಬ್ಬಿಣದ ಚೌಕಟ್ಟು. ನನ್ನ ಬಲಗಾಲು ತಾನಾಗಿಯೇ ಎರಡನೆಯ ಬ್ರೇಕನ್ನು ಹುಡುಕಿ ನೆಲವನ್ನು ಒತ್ತಿತು, ಚಪ್ಪಲಿಯ ಹಿಮ್ಮಡಿ ಪಟ್ಟೆಂದು ಮುರಿಯಿತು, ಮತ್ತು ನನ್ನ ಎದೆಗೆ ತಾವೇ ಸಿಕ್ಕಿಸಿದ್ದ ಮೈಕಿನ ಕೃಪೆಯಿಂದ ಇಡೀ ದೇಶ ಕೇಳಿಸಿಕೊಂಡಿತು. "ಬ್ರೇಕ್! ಬ್ರೇಕ್ ಒತ್ತು! ಕಣ್ಣು ಕಾಣಲ್ವೇನೋ, ಒತ್ತು!"

ಈ ಏಕವಚನಕ್ಕೆ ತಮ್ಮಲ್ಲಿ ಮತ್ತು ಸ್ವಿಚ್ಚಿನಣ್ಣನಲ್ಲಿ ಕ್ಷಮೆ ಕೋರುತ್ತೇನೆ. ವೇದಿಕೆಗೆ ಬ್ರೇಕೇ ಇಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ. ನಾನು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, ತಿರುಗುವ ನೆಲದ ಮೇಲೆ ಅಡ್ಡಡ್ಡ ಓಡಿ, ಸುಂದರಿಯರ ಸಾಲನ್ನು ಮೊಣಕೈಯಿಂದ ಸೀಳಿಕೊಂಡು ಹೋಗಿ ಅವಳ ಸೊಂಟ ಹಿಡಿದೆ. ಗೌನು ಜಿಪ್ಪಿನ ಬುಡದಿಂದ ಕತ್ತಿನವರೆಗೆ ಹರಿಯಿತು. ಆ ಸದ್ದು ಕೂಡ ಮೈಕಿನಲ್ಲಿ ಕೇಳಿತಂತೆ. ಅದರ ಬೆನ್ನಿಗೇ ಬಹಳ ದಿನದಿಂದ ಒಳಗೆ ಸಿಕ್ಕಿಕೊಂಡಿದ್ದ ಒಂದು ದೀರ್ಘವಾದ ಉಸಿರು ಹೊರಗೆ ಬಂದದ್ದೂ ಕೇಳಿತಂತೆ. ಇಬ್ಬರೂ ಧೊಪ್ಪನೆ ಕೂತೆವು. ಸ್ವಿಚ್ಚಿನಣ್ಣ ತಮ್ಮ ಕೈಸನ್ನೆಯನ್ನು ಬಿಟ್ಟು ನನ್ನ ಕೂಗನ್ನು ನಂಬಿ, ಬ್ರೇಕಿಲ್ಲದ ಯಂತ್ರಕ್ಕೆ ತನಗೆ ತಿಳಿದ ಒಂದೇ ಬ್ರೇಕನ್ನು ಹಾಕಿದ. ಮೇನ್ ಸ್ವಿಚ್ಚು ಎಳೆದ. ವೇದಿಕೆ ನಿಂತಿತು, ಹಾಡು ನಿಂತಿತು, ದೀಪ ಹೋಯಿತು, ರಾಷ್ಟ್ರೀಯ ಸುಂದರಿ ಸ್ಪರ್ಧೆ ಕಗ್ಗತ್ತಲಲ್ಲಿ ಮುಳುಗಿತು.

ಮಾನ್ಯರೇ, ಆ ಕತ್ತಲು ತಮ್ಮ ಇಡೀ ಕಾರ್ಯಕ್ರಮದ ಅತ್ಯುತ್ತಮ ಭಾಗವಾಗಿತ್ತು. ಅದನ್ನು ಯೋಜಿಸಿದ್ದಕ್ಕಾಗಿ ತಮಗೆ ಪ್ರತ್ಯೇಕ ನಮಸ್ಕಾರ. ನನ್ನ ತೊಡೆಯ ಮೇಲೆ ಕೊಕ್ಕರೆಯ ತಲೆ ಇತ್ತು, ಕೈ ಮಂಜುಗಡ್ಡೆಯಂತಿತ್ತು. ನಾನು, "ಯಾರ ಹತ್ರಾನಾದ್ರೂ ತಿನ್ನೋಕೆ ಏನಾದ್ರೂ ಇದ್ಯಾ?" ಎಂದು ಪಿಸುಗುಟ್ಟಿದೆ. ಆಮೇಲೆ ಎಡಗಡೆ ಎಲ್ಲೋ ಕಾಗದ ಬಿಚ್ಚುವ ಸರಸರ ಸದ್ದು. ಬಲಗಡೆ ಇನ್ನೊಂದು. ಹಿಂದೆ, ಮುಂದೆ, ಎಲ್ಲ ಕಡೆಯಿಂದ. ದೇಶದ ಆಯ್ದ ಸುಂದರಿಯರೆಲ್ಲ, ಹಸಿವೆಂಬ ಭ್ರಮೆಯನ್ನು ಗೆದ್ದವರೆಲ್ಲ, ಹೆಗಲಿಗೆ ಅಡ್ಡಲಾಗಿ ಹಾಕಿದ್ದ ಹೆಸರಿನ ಪಟ್ಟಿಯ ಒಳಗಿನಿಂದ, ತುರುಬಿನ ಒಳಗಿನಿಂದ, ಹೇಳಬಾರದ ಜಾಗಗಳಿಂದ ಬಿಸ್ಕತ್ತು, ಚಾಕೊಲೇಟು, ಕಡಲೆಬೀಜ ತೆಗೆದು ಕತ್ತಲಲ್ಲೇ ಕೈಯಿಂದ ಕೈಗೆ ದಾಟಿಸತೊಡಗಿದರು. ಒಬ್ಬಳು ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆ ಕೊಟ್ಟಳು. ಅದನ್ನು ಆ ಬಿಗಿಯಾದ ಉಡುಪಿನಲ್ಲಿ ಒಡೆಯದಂತೆ ಅಷ್ಟು ಹೊತ್ತು ಎಲ್ಲಿಟ್ಟುಕೊಂಡು ತಿರುಗಿದಳೆಂಬುದು ನನಗೆ ಇಂದಿಗೂ ಸೋಜಿಗ. ಕೊಕ್ಕರೆ ತಿಂದಳು. ಮೊದಲು ನಿಧಾನವಾಗಿ, ಆಮೇಲೆ ನನ್ನ ಬೆರಳನ್ನೂ ಸೇರಿಸಿ. ಅಷ್ಟರಲ್ಲಿ ಯಾರೋ ಅಂಬೆಗಾಲಿಟ್ಟುಕೊಂಡು ಬಂದು ನನ್ನ ಕೈಗೆ ಒಂದು ಕೇಕಿನ ತುಂಡು ತುರುಕಿದರು. ದನಿ ಕೇಳಿದ ಮೇಲೆ ಗೊತ್ತಾಯಿತು, ನಗುವಿನ ಮೇಡಂ. "ನಾನು ಕೊಟ್ಟೆ ಅಂತ ಯಾರಿಗೂ ಹೇಳ್ಬೇಡಿ. ತಿನ್ನಿ. ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ಉಪಯೋಗಿಸಿ" ಎಂದರು. ಆಗ ಒಬ್ಬಳು ನಕ್ಕಳು, ಇನ್ನೊಬ್ಬಳು ನಕ್ಕಳು, ಆಮೇಲೆ ಯಾರು ನಗುತ್ತಿದ್ದಾರೆ ಯಾರು ಅಳುತ್ತಿದ್ದಾರೆ ಗೊತ್ತಾಗದ ಹಾಗಾಯಿತು. ಮೇಡಂ ಅವರ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ.

ದೀಪ ಬಂದಾಗ ದೇಶ ಕಂಡದ್ದು ಇದನ್ನು. ಸುಂದರಿಯರೆಲ್ಲ ಚಪ್ಪಲಿ ಬಿಟ್ಟು, ಕಾಲು ಚಾಚಿ, ಬಾಯಿ ತುಂಬಿಕೊಂಡು ನೆಲದ ಮೇಲೆ ಗುಂಪಾಗಿ ಕೂತಿದ್ದಾರೆ, ನಡುವೆ ಹರಿದ ಬೆಳ್ಳಿ ಗೌನಿನ ಮೇಲೆ ಯಾರದೋ ಶಾಲು ಹೊದ್ದು, ಗಲ್ಲದ ಮೇಲೆಲ್ಲ ಮೊಟ್ಟೆಯ ಹಳದಿ ಮೆತ್ತಿಕೊಂಡು ಕೊಕ್ಕರೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಾಳೆ. ನಿರೂಪಕರು ಕರ್ತವ್ಯನಿಷ್ಠರು. ಕೈಯಲ್ಲಿದ್ದ ಚೀಟಿಯಲ್ಲಿ ಮುಂದಿನ ಪ್ರಶ್ನೆ ಅವಳದೇ ಆದ್ದರಿಂದ, ಬಗ್ಗಿ ಮೈಕು ಹಿಡಿದು ಕೇಳಿಯೇ ಬಿಟ್ಟರು. "ಈ ಕ್ಷಣದಲ್ಲಿ ನಿಮ್ಮ ಮನದಾಳದ ಆಸೆ ಏನು?" ತಾವು ಬಾಯಿಪಾಠ ಮಾಡಿಸಿದ್ದ ಉತ್ತರದಲ್ಲಿ ತಾಯಿ ಇದ್ದಳು, ತಾಯ್ನಾಡಿತ್ತು, ಬಡಮಕ್ಕಳಿದ್ದರು. ಕೊಕ್ಕರೆ ಬಾಯಲ್ಲಿದ್ದುದನ್ನು ನುಂಗಿ, ಮೊಟ್ಟೆ ಕೊಟ್ಟವಳ ಕಡೆ ತಿರುಗಿ, "ಇನ್ನೊಂದಿದ್ರೆ ಕೊಡೇ" ಎಂದಳು.

ಸಭಾಂಗಣ ಎದ್ದು ನಿಂತಿತು. ಆ ಚಪ್ಪಾಳೆಯ ಎದುರು ತೀರ್ಪುಗಾರರಿಗೆ ಬೇರೆ ದಾರಿಯಿರಲಿಲ್ಲ, ಕಿರೀಟ ಅವಳ ತಲೆಗೆ ಬಂತು. ಅವಳು ನೆಲದಿಂದ ಎದ್ದು, ನನ್ನ ಹೆಗಲಿಗೆ ಕೈ ಕೊಟ್ಟು ನಿಂತಳು. ಕಿರೀಟ ಸೇರಿ ಇನ್ನಷ್ಟು ಉದ್ದವಾಗಿದ್ದಳು. ಹಿಂದಿದ್ದವರಾರೂ 'ಬಗ್ಗು' ಎನ್ನಲಿಲ್ಲ.

ಪರದೆಯ ಹಿಂದೆ ತಾವು ನನಗೆ ನುಡಿದ ಮಾತುಗಳನ್ನೂ ಇಲ್ಲಿ ಸ್ಮರಿಸಬೇಕು. "ಬೀದೀಲಿ ಕೂಗೋಳನ್ನ ತಂದು ವೇದಿಕೆ ಮೇಲೆ ನಿಲ್ಲಿಸಿದ್ದು ನಮ್ಮ ತಪ್ಪು. ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು ಮಾಡಿದೆ!" ಎಂದಿರಿ. ಅದು ನಿಜ, ನಾನು ಬೀದಿಯಲ್ಲಿ ಕೂಗುವವಳೇ. ಆದರೆ ಮರುದಿನ ಪತ್ರಿಕೆಗಳೆಲ್ಲ ಹೊಗಳಿ ಬರೆದದ್ದೇ ತಡ, ಮಣ್ಣುಪಾಲಾಗಿದ್ದ ಮರ್ಯಾದೆ ಮೊಳಕೆಯೊಡೆಯಿತು. ತಾವು ಟೀವಿಯಲ್ಲಿ ಕೂತು, ಅದು 'ಬಿದ್ದು ಎದ್ದ ಹೆಣ್ಣು' ಎಂಬ ಸಾಂಕೇತಿಕ ಪ್ರದರ್ಶನವೆಂದೂ, ಕತ್ತಲೆಯು ಅಜ್ಞಾನವನ್ನೂ ಬಿಸ್ಕತ್ತು ಸೋದರಿತನವನ್ನೂ ಸೂಚಿಸುವುದೆಂದೂ ವಿವರಿಸಿದಿರಿ. ನಾನು ಮತ್ತು ಅಮ್ಮ ಬಾಯಿಬಿಟ್ಟುಕೊಂಡು ಕೇಳಿದೆವು. ಮುಂದಿನ ವರ್ಷದಿಂದ ಬೀಳುವ ಸುತ್ತನ್ನೇ ಸೇರಿಸುವಿರೆಂದು ಕೇಳಿ ಪುಲಕವಾಯಿತು. ಅಷ್ಟರಲ್ಲಿ ಒಬ್ಬ ಪತ್ರಕರ್ತೆ, "ಅದೆಲ್ಲ ಸರಿ, ಆ ಹುಡುಗಿ ಯಾಕೆ ಬಿದ್ಳು?" ಎಂದು ಕೇಳಿ ತಮ್ಮ ರಸಭಂಗ ಮಾಡಿದಳು. ನನಗೆ ತಮ್ಮ ಕಾಗದ ಬಂದದ್ದು ಅದಾದ ಮೇಲೆ.

ನಿಜ ಹೇಳುತ್ತೇನೆ, ಆ ಕಾಗದ ಓದಿದಾಗ ನನಗೆ ತಮಾಷೆಯೇನೂ ಹೊಳೆಯಲಿಲ್ಲ. ನನ್ನ ಪಾಲಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅವಳ ತಲೆಯ ಮೇಲಿತ್ತು. ಸುಳ್ಳು ಬರೆದರೆ ಮುಂದಿನ ಸಲದ ಹುಡುಗಿಯರೂ ಅದೇ ಸೌತೆಕಾಯಿ ತಿಂದು ಅದೇ ವೇದಿಕೆಯ ಮೇಲೆ ತಿರುಗುತ್ತಾರೆ. ನಿಜ ಬರೆದರೆ ನನ್ನ ಗೆಳತಿ ಮತ್ತೆ ಬಗ್ಗಬೇಕಾಗುತ್ತದೆ. ಕಾಗದ ಬಿಳಿಯಾಗಿಯೇ ಉಳಿಯಿತು. ಅಮ್ಮ ನೋಡಿ ನೋಡಿ, "ಅವಳ ತಲೆ ಮೇಲಿರೋದಕ್ಕೆ ನೀನ್ಯಾಕೆ ತಲೆ ಕೆಡಿಸ್ಕೋತೀಯ? ಹೋಗಿ ಅವಳನ್ನೇ ಕೇಳು" ಎಂದು ಕಾರಿನ ಕೀಲಿ ಎಸೆದರು.

ಕ್ಲಿನಿಕ್ಕಿನಲ್ಲಿ ಕೊಕ್ಕರೆ ಎಂದಿನಂತೆ ಯಾರದೋ ಬಾಯಿಯೊಳಕ್ಕೆ ದೀಪ ಹಿಡಿದು ನಿಂತಿದ್ದಳು. ಗಾಜಿನ ಬೀರುವಿನಲ್ಲಿ ಸುಣ್ಣದ ದವಡೆಗಳ ನಡುವೆ ಕಿರೀಟ ಇಟ್ಟಿದ್ದರು, ಅದೂ ಯಾವುದೋ ದೊಡ್ಡ ಪ್ರಾಣಿಯ ಕಟ್ಟಿಸಿದ ಹಲ್ಲಿನ ಸೆಟ್ಟಿನಂತೆ ಕಾಣುತ್ತಿತ್ತು. ರೋಗಿ ಹೋದ ಮೇಲೆ ನಾನು ಕಾಗದ ತೋರಿಸಿದೆ. ಅವಳು ಓದಿ, ಮಡಚಿ, ಕೈಗವಸು ಬಿಚ್ಚುತ್ತ ಒಂದೇ ಕಾಲಿನ ಮೇಲೆ ನಿಂತಳು. ಆಮೇಲೆ ಹೇಳಿದಳು. "ಹೋದ ವಾರ ಶಾಲೆಗೆ ಹೋಗೋ ಒಂದು ಹುಡುಗಿ ಹಲ್ಲು ತೋರ್ಸೋಕೆ ಬಂದಿದ್ಳು. ನನ್ನ ನೋಡಿ ಖುಷಿಯಾಗಿ ಅತ್ತೇ ಬಿಟ್ಳು. 'ಅಕ್ಕಾ, ನಿಮ್ಮ ಥರ ಆಗ್ಬೇಕು ಅಂತ ರಾತ್ರಿ ಊಟ ಬಿಟ್ಟಿದ್ದೀನಿ' ಅಂದ್ಳು. ಅವಳ ಒಸಡಿನಲ್ಲಿ ರಕ್ತಾನೇ ಇರ್ಲಿಲ್ಲ ಕಣೇ, ಬೆಳ್ಳಗಿತ್ತು." ನಾನು ಕಿರೀಟದ ಕಡೆ ನೋಡಿದೆ. "ಆಸೆ ಇತ್ತು. ಈಗ್ಲೂ ಇದೆ" ಎಂದಳು. "ದಿನಾ ಬೀಗ ಹಾಕೋ ಮುಂಚೆ ಒಂದು ಸಲ ಹಾಕ್ಕೊಂಡು ನೋಡ್ಕೋತೀನಿ. ಚೆನ್ನಾಗೇ ಕಾಣ್ತೀನಿ. ನೀನು ಬರಿ. ನಾನು ಬಿದ್ದೆ ಅಂತ ಬರೀಬೇಡ, ಉಪವಾಸ ಹಾಕಿದ್ರು ಅಂತ ಬರಿ. ನಂದೇನು ಹೋಗುತ್ತೆ? ತಲೆ ಇಲ್ಲೇ ಇರುತ್ತೆ."

ಅದಕ್ಕೇ ಬರೆದಿದ್ದೇನೆ, ಮಾನ್ಯರೇ, ತಾವು ಬಯಸಿದಂತೆಯೇ. ಸೌತೆಕಾಯಿ ತಮ್ಮ ಯೋಜನೆ, ಬೊಂಬೆಯ ಗೌನು ತಮ್ಮ ಯೋಜನೆ, ವೇದಿಕೆಯ ವೇಗ ತಮ್ಮದೇ ಕೈಸನ್ನೆ, ಹುಡುಗಿ ಬಿದ್ದದ್ದು ಇವೆಲ್ಲದರ ಮೊತ್ತ. ಕತ್ತಲಲ್ಲಿ ಬಿಸ್ಕತ್ತಿನ ಕಾಗದ ಬಿಚ್ಚಿದ ಸದ್ದು ಮಾತ್ರ ನಮ್ಮದು, ಅದನ್ನು ತಮಗೆ ಬಿಟ್ಟುಕೊಡಲು ಉಳಿದ ಸ್ಪರ್ಧಿಗಳು ಒಪ್ಪುತ್ತಿಲ್ಲ. ಅವರೆಲ್ಲರೂ ಈ ಪತ್ರವನ್ನು ಓದಿ, ತಿದ್ದಿ, ಕೆಲವರು ಇದಕ್ಕಿಂತ ಕಟುವಾದ ಮಾತುಗಳನ್ನು ಸೂಚಿಸಿದ್ದಾರೆ. ತಮ್ಮ ಘನತೆಯನ್ನು ನೆನೆದು ನಾನೇ ಬಿಟ್ಟಿದ್ದೇನೆ.

ಇನ್ನು ಕೆಲವು ಸಣ್ಣ ಕೋರಿಕೆಗಳು. ಸಮಿತಿಯ ಮುಂದಿನ ಸಭೆಯನ್ನು ಅದೇ ತಿರುಗುವ ವೇದಿಕೆಯ ಮೇಲೆ, ಅದೇ ಹಾಡಿನ ವೇಗಕ್ಕೆ, ಸದಸ್ಯರೆಲ್ಲ ಎತ್ತರದ ಹಿಮ್ಮಡಿಯ ಚಪ್ಪಲಿ ಧರಿಸಿ ನಡೆಸಬೇಕಾಗಿ ಪ್ರಾರ್ಥನೆ. ಸದಸ್ಯರ ಕೋಟುಗಳನ್ನು ಅಂಗಡಿಯ ಬೊಂಬೆಯ ಅಳತೆಗೆ ಹೊಲಿಸಿ, ಸೊಂಟ ಸಾಲದವರನ್ನು ಕೋಟಿಗೆ ತಕ್ಕಂತೆ ಸರಿ ಮಾಡಿಸಬೇಕು. ಸಭೆಯ ನಡಾವಳಿಯನ್ನು ಸೌತೆಕಾಯಿಯ ಬಿಲ್ಲೆಯ ಮೇಲೆ ಬರೆದಿಟ್ಟರೆ ಕಾಗದವೂ ಉಳಿಯುತ್ತದೆ. ಮೇನ್ ಸ್ವಿಚ್ಚು ಎಳೆದದ್ದಕ್ಕೆ ಕೆಲಸದಿಂದ ತೆಗೆದ ಸ್ವಿಚ್ಚಿನಣ್ಣನನ್ನು ವಾಪಸ್ಸು ಕರೆಸಿಕೊಂಡು ತೀರ್ಪುಗಾರರ ಪೀಠದಲ್ಲಿ ಕೂರಿಸಬೇಕು. ಆ ಸಂಜೆ ಸರಿಯಾದ ತೀರ್ಪು ಕೊಟ್ಟವನು ಅವನೊಬ್ಬನೇ. ಮತ್ತು ಮುಂದಿನ ಸಲ ಹುಡುಗಿಯರಿಗೆ ಊಟ ಹಾಕಬೇಕು. ಈ ಕೊನೆಯದು ಅಸಾಧ್ಯವೆನ್ನಿಸಿದರೆ ಮೊದಲಿನವುಗಳಿಂದ ಆರಂಭಿಸಬಹುದು.

ಕಿರೀಟದ ವಿಷಯ. ಈ ಪತ್ರದ ಜೊತೆ ಅದು ಬರುತ್ತಿಲ್ಲ. ಬೇಕಾದವರು ಕ್ಲಿನಿಕ್ಕಿಗೇ ಬಂದು ತೆಗೆದುಕೊಂಡು ಹೋಗಬಹುದೆಂದು ವಿಜೇತೆ ತಿಳಿಸಿದ್ದಾಳೆ. ಬರುವ ದಿನ ತಾವು ಬೆಳಗಿನಿಂದ ಏನನ್ನೂ ತಿನ್ನದೆ ಬರಬೇಕಂತೆ. ಕುರ್ಚಿಯಲ್ಲಿ ಒರಗಿಸಿ, ಬಾಯಿ ಅಗಲವಾಗಿ ತೆರೆಸಿ, ದೀಪ ಹಾಕಿ, ಆಮೇಲೆ ಹಸಿವು ಭ್ರಮೆಯೋ ಅಲ್ಲವೋ ಎಂಬ ಬಗ್ಗೆ ತಮ್ಮೊಡನೆ ನಿಧಾನವಾಗಿ ಮಾತಾಡುತ್ತಾಳಂತೆ. 

ತಮ್ಮ ಸಮಿತಿಯ ಕೀರ್ತಿಯು ಬೊಂಬೆಯ ಸೊಂಟದಂತೆ ಎಂದೆಂದಿಗೂ ಹೀಗೆಯೇ ಇರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಕಿರೀಟ ಸಿಗದ, ಕೆಲಸ ಹೋಗದ, ಎರಡು ಹೊತ್ತು ಉಣ್ಣುತ್ತಿರುವ ಒಬ್ಬ ಸುಂದರಿ

ತಾ.ಕ.: ತಮ್ಮ ಕಾಗದದ ತಲೆಭಾಗದಲ್ಲಿ ಅಚ್ಚಾಗಿರುವ ತಮ್ಮ ಭಾವಚಿತ್ರವನ್ನು ನಮ್ಮಮ್ಮ ಬಹಳ ಹೊತ್ತು ನೋಡಿದರು. ಅದರಲ್ಲಿ ತಲೆಯ ತುಂಬ ಗುಂಗುರು ಕೂದಲಿದೆ, ಗಲ್ಲ ಒಂದೇ ಇದೆ. ಚಾಲನಾ ಪರವಾನಗಿಯ ಅರ್ಜಿಗೆ ಇಂಥ ಹಳೆಯ ಚಿತ್ರ ಅಂಟಿಸಿ ತಂದರೆ ನಾವು ತಿರಸ್ಕರಿಸುತ್ತೇವೆ. ಸೌಂದರ್ಯದ ತೀರ್ಪು ಕೊಡುವವರಿಗೆ ಅಂಥ ನಿಯಮವಿಲ್ಲವೆಂದು ತಿಳಿದು, ಇನ್ನೊಬ್ಬರ ಮೈಯನ್ನು ಅಳೆಯುವ ಕೆಲಸ ಎಷ್ಟು ಸುರಕ್ಷಿತವಾದದ್ದೆಂದು ಅಮ್ಮ ಆಶ್ಚರ್ಯಪಟ್ಟರು.